ಗವಾಕ್ಷಿಯ ಗೋಣಿ

೧೯೬೨ರ ನವೆಂಬರ್ ೧೧, ಲಡಾಖ್. ಬೆಳಿಗ್ಗೆ ಆರಕ್ಕೆ ನಾವು ಮೂವರು ರಾತ್ರಿ ಪಹರೆಯಿಂದ ಇಳಿದೆವು. ಆರೂವರೆಗೆ ಚಹಾ. ಏಳಕ್ಕೆ ಬ್ಯಾರಕ್ಕಿನೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಹೊತ್ತಿಸಿದೆವು. ಹೊರಗಿನ ಉಷ್ಣತೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿತ್ತು. ಹತ್ತೊಂಬತ್ತು ದಿನಗಳಿಂದ ಯಾರೂ ಒಮ್ಮೆಗೆ ನಾಲ್ಕು ಗಂಟೆ ನಿದ್ರಿಸಿರಲಿಲ್ಲ.

ಮುನಿಶಾಮಿ ಸೈನ್ಯ ಸೇರುವ ಮೊದಲು ಆರು ವರ್ಷ ಉರಿಗಾಂನ ಚಿನ್ನದ ಗಣಿಗೆ ಇಳಿದವನು. ಬಚ್ಚಪ್ಪ ಬೇತಮಂಗಲದ ರೈತನ ಮಗ, ನಮ್ಮಿಬ್ಬರಿಗಿಂತ ಕಿರಿಯ. ನಾನು ಬಂಗಾರಪೇಟೆಯವನು, ರಸಾಯನಶಾಸ್ತ್ರದ ಪದವೀಧರ, ಸಿಗ್ನಲ್ ವಿಭಾಗದಲ್ಲಿದ್ದೆ.

ಇದ್ದ ಒಂದೇ ಗವಾಕ್ಷಿಗೆ ಮುನಿಶಾಮಿ ಗೋಣಿಚೀಲ ತುರುಕಿದ. ಬಳಿಕ ನೆಲದ ಮೇಲೆ ಮೇಣದ ಬತ್ತಿ ಹಚ್ಚಿಟ್ಟ. ಹಳೆಯ ಸುರಂಗಗಳಲ್ಲಿ ಗಾಳಿಯನ್ನು ಹೀಗೆಯೇ ಪರೀಕ್ಷಿಸುತ್ತಿದ್ದರಂತೆ.

"ಗೋಣಿ ತೆಗಿ, ಮುನಿಶಾಮಿ. ಇದ್ದಿಲಿನ ವಿಷಗಾಳಿ ದೀಪ ಆರಿಸಲ್ಲ. ವಾಸನೆಯೂ ಬರಲ್ಲ," ಎಂದೆ.

"ಓಗಲಾ ಬಿಎಸ್ಸಿ! ದೀಪ ಉರಿಯೋಗಂಟ ಮನ್ಸ ಬದುಕ್ತಾನೆ. ನಮ್ಮಪ್ಪ ಇದನ್ನೇ ನಂಬ್ಕಂಡು ಮೂವತ್ತು ವರ್ಷ ಗುಂಡಿಗಿಳ್ದವ್ನೆ. ನೀನು ಎಷ್ಟು ಸಲ ಇಳ್ದಿದ್ದೀಯಲಾ?"

ಬಚ್ಚಪ್ಪ ಕಂಬಳಿಯೊಳಗಿಂದಲೇ ಗೊಣಗಿದ: "ಅಣ್ಣಾ, ನಿನ್ ಕಾಲೇಜು ಬಂಗಾರಪೇಟೆನಾಗೇ ಇರ್ಲಿ. ಚಳಿ ಒಳಕ್ ಬಿಟ್ರೆ ಬಂದು ನಿನ್ ಮೇಲೇ ಮಲಗ್ತೀನಿ ನೋಡು."

ಮುನಿಶಾಮಿ ನಕ್ಕ. ನಾನೂ ನಕ್ಕೆ.

ಎಂಟಕ್ಕೆ ಸಿಗ್ನಲ್ ಕೊಠಡಿಯಿಂದ ಕರೆ ಬಂತು. ನಾನು ಬೂಟು ಕಟ್ಟಿಕೊಳ್ಳುವಾಗ ಇಬ್ಬರೂ ನಿದ್ರೆಯಲ್ಲಿದ್ದರು. ಗೋಣಿ ಎಳೆಯಲು ಕೈ ಎತ್ತಿದೆ. ಎಳೆದಿದ್ದರೆ ಹಿಮಗಾಳಿ ನೇರ ಬಚ್ಚಪ್ಪನ ಮುಖಕ್ಕೆ ಹೊಡೆಯುತ್ತಿತ್ತು. ಅವನು ಎದ್ದು ಬೈಯುತ್ತಿದ್ದ. ಮತ್ತೆ ಅದೇ ವಾದ. ವಾದಿಸುವ ತ್ರಾಣ ನನ್ನಲ್ಲಿರಲಿಲ್ಲ. ಅರ್ಧ ಗಂಟೆಯಲ್ಲಿ ಹಿಂತಿರುಗುತ್ತೇನಲ್ಲ ಎಂದು ಕೈ ಇಳಿಸಿದೆ.

ಸಂದೇಶಗಳು ಒಂದರ ಹಿಂದೊಂದು ಬಂದವು. ಹಿಂತಿರುಗಿದ್ದು ಹತ್ತೂ ಇಪ್ಪತ್ತಕ್ಕೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಮುನಿಶಾಮಿ ಬಾಗಿಲ ಬಳಿ ಬೋರಲಾಗಿ ಬಿದ್ದಿದ್ದ. ಹೊರಗೆಳೆದಾಗ ವಾಂತಿ ಮಾಡಿ ಕಣ್ಣು ತೆರೆದ. ಬಚ್ಚಪ್ಪ ಮಲಗಿದ ಹಾಗೆಯೇ ಇದ್ದ. ಕೆನ್ನೆ ಕೆಂಪಗಿತ್ತು. ನಾಡಿ ಇರಲಿಲ್ಲ.

ಮರುದಿನದ ವಿಚಾರಣೆಯಲ್ಲಿ ಮುನಿಶಾಮಿ ತನಗೆ ಬಂದಷ್ಟು ಹಿಂದಿಯಲ್ಲಿ ಅಧಿಕಾರಿಗೆ ಒಂದೇ ಮಾತು ಹೇಳಿದ: ಗೋಣಿ ತುರುಕಿದವನು ತಾನು, ತಪ್ಪು ತನ್ನದೇ. ಅಧಿಕಾರಿ ಅದನ್ನೇ ಬರೆದುಕೊಂಡರು. ನನ್ನ ಸರದಿ ಬಂದಾಗ ಇಷ್ಟನ್ನು ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡೆ: ಆ ಗಾಳಿ ದೀಪವನ್ನು ಆರಿಸುವುದಿಲ್ಲವೆಂದು ಆ ಬ್ಯಾರಕ್ಕಿನಲ್ಲಿ ಬಲ್ಲವನು ನಾನೊಬ್ಬನೇ; ಗವಾಕ್ಷಿ ತೆರೆಯದೆ ಹೊರಟವನೂ ನಾನೇ.