ಖಾಲಿ ಹೊಟ್ಟೆಯ ಔಷಧ

ರೆಸಾರ್ಟಿನ ಮೊಲದ ಹಿಕ್ಕೆಯಲ್ಲಿ ಬಿಳಿ ದಾರದಂಥ ಹುಳ ಮೊದಲು ಕಂಡದ್ದು ಗೂಡು ನೋಡಿಕೊಳ್ಳುವ ತುಳಜಾಳಿಗಲ್ಲ, ಬೆಳಗಾವಿಯಿಂದ ಬಂದ ಗಿರಾಕಿಯೊಬ್ಬಳಿಗೆ. ತುಳಜಾಳಿಗೆ ಕಂಡಿದ್ದರೆ ಗೂಡು ತೊಳೆದು ಮುಗಿಸುತ್ತಿದ್ದಳು. ಆ ಹೆಂಗಸು ಮೊದಲು ಕಿರುಚಿದಳು, ಆಮೇಲೆ ಫೋಟೊ ತೆಗೆದಳು, ಆಮೇಲೆ ಅದನ್ನು ಊರಿಗೆಲ್ಲ ಕಾಣುವಂತೆ ಮೊಬೈಲಿನಲ್ಲಿ ಹಾಕಿ ರೆಸಾರ್ಟಿಗೆ ಐದರಲ್ಲಿ ಒಂದೇ ಒಂದು ಚುಕ್ಕಿ ಕೊಟ್ಟಳು. ಕಾಳಿ ನದಿಯ ದಂಡೆಯನ್ನು ಬೇಲಿಯೊಳಗೆ ಹಾಕಿಕೊಂಡು ಕೂತ ಆ ರೆಸಾರ್ಟು, ಕಸ ಗುಡಿಸುವವಳೊಬ್ಬಳು ಸೊಂಟ ಹಿಡಿದುಕೊಂಡು ಬಿದ್ದಾಗ ಅಲುಗಿರಲಿಲ್ಲ. ಒಂದು ಚುಕ್ಕಿಗೆ ನಡುಗಿತು.

ಮ್ಯಾನೇಜರ್ ರೋಹಿತ ತುಳಜಾಳನ್ನು ಕರೆಸಿದ.

“ಏನ್ ತುಳಜಾಬಾಯಿ, ನೀ ಮೊಲಾ ಸಾಕ್ತೀಯೋ, ಹುಳಾ ಸಾಕ್ತೀಯೋ?”

“ಎರಡೂ ನಿಮ್ಮವಽ ಅಲ್ರೀ ಸರ್.”

“ಬಾಯಿ ಭಾಳ ಐತಿ ನಿಂದು. ಶನಿವಾರ ಹುಬ್ಬಳ್ಳಿಯಿಂದ ದೊಡ್ಡ ಪಾರ್ಟಿ ಬರ್ತೈತಿ, ಸಣ್ಣ ಹುಡುಗರು ಕೂಡಿ. ಅಷ್ಟರಾಗ ಹುಳ ಹೋಗಿರಬೇಕು. ಇಲ್ಲಂದ್ರ ಚೀಲಕ್ಕ ತುಂಬಿ ಕಾಡಿಗೆ ಒಗದು ಬಾ ಅಂತ ಗಂಗಾರಾಮಗ ಹೇಳ್ತೇನಿ.”

ಗೇಟು ಕಾಯುವ ಗಂಗಾರಾಮ ಬಾಗಿಲಲ್ಲೇ ನಿಂತಿದ್ದ. “ಕಾಡಿಗ್ಯಾಕ್ರೀ ಸಾಹೇಬ್ರ, ನಮ್ಮ ಮನಿಗೆ ಕಳಸ್ರಿ. ಮಸಾಲಿ ಅರದ ಇಟ್ಟಿರ್ತೇನಿ,” ಎಂದು ತಾನೇ ನಕ್ಕ. ತುಳಜಾ ನಗಲಿಲ್ಲ. ಕಾಡಿಗೆ ಬಿಟ್ಟ ಸಾಕುಮೊಲ ಒಂದು ಹೊತ್ತು ಸಹ ಬದುಕುವುದಿಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ರೆಸಾರ್ಟಿನ ಒಡೆಯ ಸಾಹುಕಾರರ ಮಗಳ ಹುಟ್ಟುಹಬ್ಬಕ್ಕೆಂದು ತಂದ ಎರಡು ಮೊಲಗಳು ಅವು. ಹುಡುಗಿಗೆ ಬೇಸರ ಬಂದ ಮೇಲೆ ರೆಸಾರ್ಟಿನ ಹುಲ್ಲುಹಾಸಿಗೆ ಬಂದವು. ಗಿರಾಕಿಗಳ ಮಕ್ಕಳು ತೊಡೆಯ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿಕೊಳ್ಳಲಿ ಎಂದು. ಗೂಡಿನ ಮೇಲಿನ ಹಲಗೆಯಲ್ಲಿ ಇಂಗ್ಲಿಷ್ ಹೆಸರುಗಳಿದ್ದವು, ಅವುಗಳಿಂದ ಯಾರೂ ಕರೆಯುತ್ತಿರಲಿಲ್ಲ. ತುಳಜಾ ಒಂದಕ್ಕೆ ಹತ್ತಿ ಎನ್ನುತ್ತಿದ್ದಳು, ಕಣ್ಣಿನ ಸುತ್ತ ಕಪ್ಪು ಉಂಗುರವಿದ್ದ ಇನ್ನೊಂದಕ್ಕೆ ಕಾಡಿಗಿ. ಹತ್ತಿ ಯಾರ ಕೈಗಾದರೂ ಬರುವ ಜಾತಿ. ಕಾಡಿಗಿ ಹಾಗಲ್ಲ. ತುಳಜಾಳ ಪೊರಕೆಯ ಸಪ್ಪಳ ಕೇಳಿದರೆ ಮಾತ್ರ ಎದ್ದು ಬಂದು ತಂತಿಗೆ ಮೂಗು ಹಚ್ಚುತ್ತಿತ್ತು. ಅವಳ ಗಂಡ ಅನಿಲ ಗೋವೆಯ ಲಾರಿಗಳ ಮೇಲೆ. ಮನೆಯಲ್ಲಿ ಅತ್ತೆ ಗೀತಾಬಾಯಿ. ಇಡೀ ದಿನದಲ್ಲಿ ತುಳಜಾಳನ್ನು ಕಂಡು ಎದ್ದು ಬರುವ ಜೀವ ಅದೊಂದೇ.

ಮಾರನೆಯ ಬೆಳಿಗ್ಗೆ ಅವಳ ವಾಡೆಗೆ, ಆ ಪುಟ್ಟ ಹಳ್ಳಿಗೆ, ದನಗಳಿಗೆ ಲಸಿಕೆ ಹಾಕುವ ಜೀಪು ಬಂತು. ಎಲ್ಲರೂ ಎಮ್ಮೆ ಹಿಡಿದು ನಿಂತ ಸಾಲಿನಲ್ಲಿ ತುಳಜಾ, ರೆಸಾರ್ಟಿನಿಂದ ತಂದ ಕಾಡಿಗಿಯನ್ನು ಕಾಯಿಪಲ್ಲೆಯ ಬುಟ್ಟಿಯಲ್ಲಿಟ್ಟುಕೊಂಡು ನಿಂತಳು.

“ತುಳಜಾ, ಇದು ಹೊತ್ತಿಗೆ ಎಷ್ಟ ಲೀಟರ್ ಹಿಂಡತೈತಿ?” ಎಂದ ಹಿಂದಿದ್ದವನು.

“ನಿನ್ನ ಎಮ್ಮಿಗಿಂತ ಎರಡು ಹನಿ ಹೆಚ್ಚು,” ಎಂದಳು ಇವಳು.

ಡಾಕ್ಟರು ಇನ್ನೂ ಚಿಕ್ಕವರು, ಸುಮಿತಾ ಎಂದು ಹೆಸರು. ಅವರು ನಗಲಿಲ್ಲ. ಎಲೆಯಲ್ಲಿ ಸುತ್ತಿ ತಂದಿದ್ದ ಹಿಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

“ಸೂಜಿಹುಳ ಅಕ್ಕಾ. ಮೊಲದ್ದು ಮೊಲಕ್ಕಽ, ಮನಿಷ್ಯಾರಿಗೆ ಬರಂಗಿಲ್ಲ. ಇದರಿಂದ ಯಾರೂ ಸಾಯಂಗಿಲ್ಲ, ಮೊಲಾನೂ ಸಾಯಂಗಿಲ್ಲ.”

“ಫೋಟೊ ಬಂದೈತ್ರೀ ಡಾಕ್ಟರಬಾಯಿ.”

ಡಾಕ್ಟರಿಗೆ ಅರ್ಥವಾಯಿತು. ಹುಳದ ಕಾಯಿಲೆಗಲ್ಲ, ಫೋಟೊದ ಕಾಯಿಲೆಗೆ ಔಷಧ ಬೇಕಾಗಿದೆ. ಜೀಪಿನಿಂದ ಬಿಳಿ ಔಷಧ ತೆಗೆದು, ಮೊಲವನ್ನು ತೂಗಿ, ಸೂಜಿಯಿಲ್ಲದ ಸಿರಿಂಜಿಗೆ ಎಷ್ಟು ಎಳೆಯಬೇಕೆಂದು ಗೆರೆ ತೋರಿಸಿದರು. “ಕಿವಿ ಹಿಡದು ಎತ್ತಬ್ಯಾಡ್ರಿ. ಅಂಗಾತ ಕೆಡವಿ ಬಾಯಾಗ ಸುರೀಬ್ಯಾಡ್ರಿ, ಉಸಿರಿನ ದಾರಿಗೆ ಹೋತಂದ್ರ ಮುಗೀತು. ಕೂಸಿನ್ನ ಬಟ್ಟ್ಯಾಗ ಸುತ್ತತೀರಲ್ಲ, ಹಂಗ ಟಾವೆಲ್‌ನ್ಯಾಗ ಸುತ್ರಿ. ಎದಿಗೆ ಆನಿಸಿಕೊಳ್ರಿ. ಮುಂದಿನ ಹಲ್ಲಿನ ಬಾಜೂಕ ಸಂದಿ ಐತಿ ನೋಡ್ರಿ, ಅಲ್ಲಿಂದ ಒಂದೊಂದ ಹನಿ. ಅದು ನುಂಗಿದ ಮ್ಯಾಲೆ ಮುಂದಿನ ಹನಿ. ಗದ್ದಲ ಮಾಡಬ್ಯಾಡ್ರಿ, ಹೆದರಿದ್ರ ಎದಿ ಒಡದು ಸಾಯೋ ಪ್ರಾಣಿ ಇದು.” ಗೂಡು ತೊಳೆದು ಬಿಸಿಲಿಗಿಡಬೇಕು, ಎರಡು ವಾರ ಬಿಟ್ಟು ಮತ್ತೊಮ್ಮೆ ಕುಡಿಸಬೇಕು ಎಂದರು. ತಮ್ಮ ನಂಬರು ಕೊಟ್ಟರು. ಜೀಪು ಕುಂಬಾರವಾಡದ ಕಡೆ ಹೋಯಿತು.

ಮೇವಿನ ಬಗ್ಗೆ ಡಾಕ್ಟರು ಏನೂ ಹೇಳಲಿಲ್ಲ. ತುಳಜಾ ಕೇಳಲೂ ಇಲ್ಲ. ಗೊತ್ತಿದ್ದದ್ದನ್ನು ಯಾರಾದರೂ ಕೇಳುತ್ತಾರೆಯೇ? ಜಂತಿನ ಔಷಧವೆಂದರೆ ಖಾಲಿ ಹೊಟ್ಟೆ. ಆ ವಾಡೆಯಲ್ಲಿ ಮಕ್ಕಳಿಗೂ ಹಾಗೇ, ಕರುಗಳಿಗೂ ಹಾಗೇ. ಸಂಶಯವಿದ್ದರೆ ತೀರಿಸಲು ಗೀತಾಬಾಯಿ ಇದ್ದಳು.

“ಹೊಟ್ಟಿ ತುಂಬಿದ್ರ ಹುಳ ಔಷಧ ಯಾಕ ಕುಡೀತಾವ ಪೋರಿ? ಹಸಿದಿರಬೇಕು ಅವು. ಹಿಂದಿನ ಸಂಜಿಯಿಂದ ಒಂದ ಕಡ್ಡಿ ಹಾಕಬ್ಯಾಡ. ಬೆಳಗ್ಗೆ ಸಣ್ಣ ಬೆಲ್ಲದ ಚೂರ ನೆಕ್ಕಸು. ಬೆಲ್ಲದ ವಾಸನಿಗೆ ಹುಳ ಎಲ್ಲಾ ಬಾಯಿ ತಕ್ಕೊಂಡು ಮ್ಯಾಲೆ ಬರ್ತಾವ, ಆವಾಗ ಸುರವು. ಮತ್ತ ಹೊತ್ತು ಮುಳಗೂತನಾ ಏನೂ ಕೊಡಬಾರದು.”

“ಮೊಲಕ್ಕೂ ಹಂಗಽ ಏನ ಆಯಿ?”

“ಹೊಟ್ಟಿ ಅಂದ್ರ ಹೊಟ್ಟಿ. ನಿನ್ನ ಗಂಡಗ ನಾ ಹಂಗಽ ಕುಡಿಸಿ ಬೆಳೆಸೇನಿ.”

ಅಂದು ಸಂಜೆ ತುಳಜಾ ಗೂಡಿನೊಳಗಿನ ಹುಲ್ಲನ್ನೆಲ್ಲ ಬಳಿದು ಹೊರಗೆ ಹಾಕಿದಳು. ಮನಸ್ಸು ಒಪ್ಪದೆಯೇ ಹಾಕಿದಳು, ತಾಯಿ ಮಗುವಿನ ಬಾಯಿಗೆ ಕಹಿ ಹಾಕುವ ಹಾಗೆ. ಬೆಳಿಗ್ಗೆ ಬಂದು ನೋಡಿದರೆ ಹತ್ತಿ ಕೆಳಗೆ ಹಾಸಿದ್ದ ಗೋಣಿಚೀಲದ ಅಂಚನ್ನೆಲ್ಲ ಕಡಿದು ತಿಂದಿತ್ತು. ಕಾಡಿಗಿ ತಂತಿಯ ಹತ್ತಿರ ಕಾಯುತ್ತ ಕೂತಿತ್ತು.

ಔಷಧ ಕುಡಿಸಿದ್ದನ್ನು ನೋಡಬೇಕಿತ್ತು. ಹತ್ತಿಗೆ ಕುಡಿಸಿದ ಮೇಲೆ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ನೆರಳಿನಲ್ಲಿ ಕೂತು, ಕಾಡಿಗಿಯ ಬೆನ್ನನ್ನು ತನ್ನ ಹೊಟ್ಟೆಗೆ ಆನಿಸಿಕೊಂಡಳು. ಮೊದಲು ಬೆಲ್ಲ. ಆಮೇಲೆ ಸಿರಿಂಜನ್ನು ಮೂಸಲು ಬಿಟ್ಟಳು. ಹಲ್ಲಿನ ಸಂದಿಯಿಂದ ಒಂದು ಹನಿ, ಗದ್ದ ಅಲುಗಿತು, ನುಂಗಿತು. ಇನ್ನೊಂದು ಹನಿ. ಒದೆಯಲಿಲ್ಲ, ನಡುಗಲಿಲ್ಲ. “ಜೋಗುಳಾನೂ ಹಾಡು,” ಎಂದ ರೋಹಿತ ಆಚೆಯಿಂದ. ಅವಳು ಹಾಡುತ್ತಲೇ ಇದ್ದಳು, ಅವನಿಗೆ ಕೇಳದಷ್ಟು ಸಣ್ಣಗೆ.

ಹೊತ್ತು ಮುಳುಗಿದ ಮೇಲೆ ಹುಲ್ಲು ಹಾಕಿದಳು. ಹತ್ತಿ ಮುಗಿಬಿದ್ದು ತಿಂದಿತು. ಕಾಡಿಗಿ ಮೂಸಿ ಬಿಟ್ಟಿತು.

ಶುಕ್ರವಾರ ಬೆಳಿಗ್ಗೆ ಅದು ಪೊರಕೆಯ ಸಪ್ಪಳಕ್ಕೆ ಏಳಲಿಲ್ಲ. ಮೂಲೆಯಲ್ಲಿ ಗುಂಡಗೆ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು. ಕೊತ್ತಂಬರಿ ಹಿಡಿದರೆ ಮುಖ ತಿರುಗಿಸಿತು. ತುಳಜಾ ಡಾಕ್ಟರಿಗೆ ಫೋನು ಹಚ್ಚಿದಳು. ಜೋಯಿಡಾದ ಕಾಡಿನೊಳಗೆ ಸಿಗ್ನಲ್ ಸಿಕ್ಕಲು ಮಧ್ಯಾಹ್ನವಾಯಿತು.

“ಹಿಕ್ಕಿ ಹಾಕೇತೇನು ಅಕ್ಕಾ?”

“ಒಂದೂ ಇಲ್ರಿ. ಅದರ ಮೂಲಿ ಸ್ವಚ್ಛ ಐತ್ರಿ. ಹುಳ ಒಂದೂ ಕಾಣವಲ್ದು.”

“ಹುಳಾ ಬಿಡ್ರಿ. ತಿನ್ನಾಕ ಏನ್ ಹಾಕಿದ್ರಿ?”

“ಉಪಾಸ ಹಾಕಿದ್ದೆ ಅಲ್ರಿ. ಬೆಲ್ಲ ನೆಕ್ಕಿಸಿದ್ದೆ.”

“ಯಾರು ಹೇಳಿದ್ರು ನಿಮಗ?”

“ಯಾರು ಹೇಳಬೇಕ್ರೀ? ನಮ್ಮ ಮಕ್ಕಳಿಗೆ ಹಂಗಽ ಮಾಡ್ತೇವಲ್ರಿ.”

“ತಪ್ಪು ನಂದು ಅಕ್ಕಾ. ನಾ ಹೇಳಬೇಕಿತ್ತು. ಮೊಲದ ಹೊಟ್ಟಿ ಬೀಸೂ ಗಿರಣಿ ಇದ್ದಂಗ, ಹಗಲೂ ರಾತ್ರಿ ಹುಲ್ಲು ಬೀಳತಿರಬೇಕು. ನಿಂತ್ರ ಮತ್ತ ಚಾಲೂ ಆಗೋದು ಕಷ್ಟ. ಇವತ್ತಽ ಹಳಿಯಾಳಕ್ಕ ದವಾಖಾನಿಗೆ ತಗೊಂಡು ಹೋಗ್ರಿ. ನಾ ಫೋನ್ ಮಾಡಿ ಹೇಳಿರ್ತೇನಿ. ಬೆಳತನಕ ಕಾಯಬ್ಯಾಡ್ರಿ.”

ತುಳಜಾ ರಜೆ ಕೇಳಿದಳು.

“ನಾಳೆ ಪಾರ್ಟಿ ಬರ್ತೈತಿ. ಕಾಟೇಜ್ ಎಲ್ಲಾ ಯಾರು ಒರಸ್ತಾರ, ಮೊಲ ಒರಸ್ತೈತೇನ?” ಎಂದ ರೋಹಿತ.

“ಹೋಗಿ ಬರ್ತೇನ್ರಿ ಸರ್, ಬಂದು ಎಷ್ಟೊತ್ತಾದ್ರೂ ಮಾಡ್ತೇನಿ.”

“ಈಗ ಹೋದ್ರ ನಾಳೆ ಬರಬ್ಯಾಡ. ಕುಂತೈತಲ್ಲ ಅದು ಚೆಂದಾಗಿ, ಕಣ್ಣ ತೆರಕೊಂಡು.”

ಅವಳು ಹೋಗಲಿಲ್ಲ. ಹೋಗಬೇಕಿತ್ತು ಎಂದು ಕುರ್ಚಿಯಲ್ಲಿ ಕೂತವರು ಹೇಳಬಹುದು. ಆ ಬೇಲಿಯೊಳಗಿನ ಕೆಲಸ ಬಿಟ್ಟವರಿಗೆ ಬೇಲಿಯ ಹೊರಗೆ ಇನ್ನೊಂದು ಕೆಲಸವಿಲ್ಲ. ಹೊರಗಿರುವುದು ಇನ್ನೊಂದು ರೆಸಾರ್ಟಿನ ಬೇಲಿ. ಒಂದು ಕಾಟೇಜು ಒರೆಸಿ ಬಂದು, ಕೊತ್ತಂಬರಿ ಅರೆದ ನೀರನ್ನು ಸಿರಿಂಜಿನಿಂದ ಹನಿ ಹನಿ ಹಾಕಿ, ಹೊಟ್ಟೆ ನೀವಿ, ಮತ್ತೊಂದು ಕಾಟೇಜಿಗೆ ಓಡಿದಳು. ಹಾಕಿದ್ದು ಗದ್ದದಿಂದ ಕೆಳಗಿಳಿಯಿತು.

ಶನಿವಾರ ಹುಲ್ಲುಹಾಸಿನ ತುಂಬ ಹುಬ್ಬಳ್ಳಿಯ ಮಕ್ಕಳು. ರೋಹಿತನೇ ಗೂಡು ತೆರೆದು ಕಾಡಿಗಿಯನ್ನು ಎತ್ತಿ ಒಂದು ಹುಡುಗಿಯ ತೊಡೆಯ ಮೇಲಿಟ್ಟ. ಎಂದೂ ಯಾರ ಕೈಗೂ ಬಾರದ ಕಾಡಿಗಿ ಅಲ್ಲಾಡದೆ ಕೂತಿತು.

“ಎಷ್ಟು ಶಾಂತ ಐತ್ರೀ ಇದು! ಭಾಳ ಚಲೋ ಪಳಗಿಸೀರಿ,” ಎಂದಳು ಹುಡುಗಿಯ ತಾಯಿ. ರೋಹಿತ ಹಲ್ಲು ಬಿಟ್ಟ. ಫೋಟೊದ ಮೇಲೆ ಫೋಟೊ. ಒಬ್ಬರಾದ ಮೇಲೆ ಒಬ್ಬರು ತೊಡೆ ಚಾಚಿದರು. ಹಸಿರು ಹುಲ್ಲು, ಬಿಳಿ ಮೊಲ, ಹಿಂದೆ ಕಾಳಿ ನದಿ.

ತುಳಜಾ ಬಕೆಟ್ಟು ಕೆಳಗಿಟ್ಟು ನೇರ ನಡೆದು ಹೋದಳು. “ಪಳಗಿಲ್ರೀ ಅಕ್ಕಾರ. ಸಾಯಾಕತ್ತೈತಿ ಅದು.”

ಹುಡುಗಿ ಚೀರಿ ಎದ್ದಳು. ಕೆಳಗೆ ಬೀಳುವ ಮೊದಲೇ ತುಳಜಾ ಕಾಡಿಗಿಯನ್ನು ಹಿಡಿದು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ರೋಹಿತ ಬಯ್ದದ್ದು, ಇನ್ನು ಗೇಟಿನೊಳಗೆ ಕಾಲಿಟ್ಟರೆ ನೋಡು ಎಂದದ್ದು, ಗಂಗಾರಾಮ ಗೇಟು ತೆರೆದು ಹಾಕಿಕೊಂಡದ್ದು, ಯಾವುದಕ್ಕೂ ಅವಳು ಹೊರಳಿ ನೋಡಲಿಲ್ಲ. ಧೈರ್ಯ ಬಂದಿತ್ತು, ಒಂದು ದಿನ ತಡವಾಗಿ.

ಹಳಿಯಾಳದ ಬಸ್ಸಿಗೆ ರಸ್ತೆಯ ಪಕ್ಕ ಕಾದಳು. ಬಸ್ಸು ಬಂದು ನಿಂತು, ಕಂಡಕ್ಟರ್ “ಹತ್ರಿ ಬಾಯಿ, ಲಗೂನ,” ಎಂದಾಗ ಸೆರಗು ಬಿಚ್ಚಿ ನೋಡಿದಳು. ಕಾಡಿಗಿ ತಣ್ಣಗಾಗಿತ್ತು. ಬೇಡವೆಂದು ತಲೆಯಾಡಿಸಿದಳು. ಬಸ್ಸು ಹೋಯಿತು.

ಔಷಧ ಕುಡಿಸಿ ಎರಡು ವಾರವಾಗುವ ಹೊತ್ತಿಗೆ, ಮನೆಯಲ್ಲಿ ಕೂತಿದ್ದಾಗ ರೋಹಿತನ ಫೋನು ಬಂತು.

“ತುಳಜಾಬಾಯಿ, ಆ ಔಷಧ ಮತ್ತೊಮ್ಮೆ ಕುಡಸಬೇಕಂತಲ್ಲ? ಇನ್ನೊಂದು ಐತಲ್ಲ, ಅದಕ್ಕ. ಹೆಂಗ ಕುಡಸಿದ್ದಿ?”

ಅವಳು ಬಯ್ಯಲಿಲ್ಲ. ಹತ್ತಿ ಅಲ್ಲೇ ಇತ್ತು. ಬಟ್ಟೆಯಲ್ಲಿ ಸುತ್ತುವುದು, ಎದೆಗೆ ಆನಿಸುವುದು, ಹಲ್ಲಿನ ಸಂದಿ, ಹನಿಯ ಅಳತೆ ಎಲ್ಲ ಹೇಳಿದಳು. “ಮತ್ತ ಸರ್, ಎಲ್ಲಾಕ್ಕಿಂತ ಮುಖ್ಯ ಮಾತು—”

“ಆತಽ ಆತು. ಉಳಿದದ್ದು ಹೊಸಾಕಿಗೆ ಗೊತ್ತೈತಿ. ನಿಮ್ಮ ವಾಡೇದಾಕಿನಽ ಅದಾಳ. ನಿನ್ನಿ ಸಂಜಿಯಿಂದಽ ಹುಲ್ಲು ತಗದಾಳ.”

ಫೋನು ಇಟ್ಟ. ತುಳಜಾ ತಿರುಗಿ ಹಚ್ಚಿದಳು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಆಮೇಲೆ ಎದ್ದು ಗೇಟಿನವರೆಗೆ ಓಡಿದಳು.

“ಒಳಗ ಬಿಡಾಕ ಹುಕುಂ ಇಲ್ಲ ಬಾಯಿ,” ಎಂದ ಗಂಗಾರಾಮ. ಈ ಸಲ ಚೇಷ್ಟೆ ಮಾಡಲಿಲ್ಲ.

“ನಾ ಬರಾಂಗಿಲ್ಲೋ ಮಾರಾಯಾ. ಹುಲ್ಲು ಹಾಕ್ರಿ ಅಂತ ಹೇಳು. ಈಗಽ ಹೋಗಿ ಹೇಳು.”

“ಹೇಳ್ತೇನಿ, ಹೇಳ್ತೇನಿ,” ಎಂದ ಅವನು. ಆದರೆ ಕುರ್ಚಿಯಿಂದ ಏಳಲಿಲ್ಲ. ಗಿರಾಕಿಗಳ ಕಾರೊಂದು ಬರುತ್ತಿತ್ತು, ಅದಕ್ಕೆ ಗೇಟು ತೆರೆಯಬೇಕಿತ್ತು.