ಸೋದರಮಾವನ ಸೊಲ್ಲು

"ಇನ್ನೊಂದು ಚೂರು ಏರ್ಸೋ ಉಮಾಶಂಕರ. ನಿಮ್ಮಪ್ಪಂದು ಎಲ್ಲೈತೋ ನಂದೂ ಅಲ್ಲೇ ಇರ್ಬೇಕು. ಹುಡುಗಿಗೆ ಸೋದರಮಾವ ಕಣೋ ನಾನು!"

ವೆಂಕಟರಾಯಪ್ಪ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸುವಂತೆ ಬಗ್ಗಿ ನಿಂತಿದ್ದ. ಪರದೆಯ ಮೇಲೆ ಒಬ್ಬೊಬ್ಬರ ದನಿಗೂ ಒಂದೊಂದು ಗುಂಡಿ. ಮೇಲಕ್ಕೆ ಸರಿಸಿದರೆ ಜೋರು, ಕೆಳಕ್ಕೆಳೆದರೆ ಮೆಲ್ಲಗೆ. ಉಮಾಶಂಕರ ಅವನ ಗುಂಡಿಯನ್ನು ತನ್ನ ಅಪ್ಪ ಕೋದಂಡರಾಮಪ್ಪನ ಗುಂಡಿಯ ಸಮಕ್ಕೆ ತಂದು ನಿಲ್ಲಿಸಿದ. ಬೀಗರೂಟದ ಪಂಕ್ತಿಯಲ್ಲಿ ಯಾರ ಎಲೆ ಯಾರ ಪಕ್ಕ ಎಂದು ನೋಡುತ್ತಾರಲ್ಲ, ಅದೇ ಲೆಕ್ಕ.

ರೇಷ್ಮೆ ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಹುಳದ ಮನೆಯೇ ಈಗ ಉಮಾಶಂಕರನ ಸ್ಟುಡಿಯೋ. ಗೋಡೆಗೆ ಮೊಟ್ಟೆ ಟ್ರೇ, ಬಾಗಿಲಿಗೆ ಹಳೇ ಕಂಬಳಿ. ಗಣೇಶನ ಹಬ್ಬಕ್ಕೆ ಡಿಜೆ ಹಾಕಿ ಕುರುಡುಮಲೆ ದಾರಿಯ ನಾಯಿಗಳನ್ನೆಲ್ಲ ಊರು ಬಿಡಿಸಿದ್ದೇ ಅವನ ಅನುಭವ. ಪರದೆಯಲ್ಲಿ ಕೆಂಪು ಬಂದರೆ ದನಿ ಒಡೆಯುತ್ತಿದೆ ಎಂದು ಎಚ್ಚರಿಕೆ. ಅವನಿಗೆ ಅದೇ ದೀಪಾವಳಿ.

ಶ್ಯಾಮಲಾ ಬಾಗಿಲ ಬಳಿ ಅಜ್ಜಿಯ ಪಕ್ಕ ಕೂತು ನೋಡುತ್ತಿದ್ದಳು. ಮದುವೆ ಅವಳದು. ಅಪ್ಪನಿಲ್ಲದ ಹುಡುಗಿಗೆ ದೊಡ್ಡಪ್ಪ ಕೋದಂಡರಾಮಪ್ಪ ಮುಂದೆ ನಿಂತು ಮಾಡಿಸುತ್ತಿದ್ದ. ಹಸೆಗೆ ಕರೆಯುವ ಸೋಬಾನೆ ಮಾತ್ರ ತಾಯಿಯ ತಾಯಿ ಅಕ್ಕಯಮ್ಮನದು. ಸೋಮವಾರ ಕೋಲಾರದಲ್ಲಿ ಅಜ್ಜಿಯ ಗಂಟಲಿಗೆ ಆಪರೇಷನ್. ಆಮೇಲೆ ದನಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ಮದುವೆ ದಿನ ಹಾಕಲು ಈ ರೆಕಾರ್ಡಿಂಗು.

ಬೆಳಿಗ್ಗೆ ಅಜ್ಜಿ ಹಾಡಿ ಎದ್ದಳೋ ಇಲ್ಲವೋ, ಅವಳು ಹೇಳಿದ್ದನ್ನು ಹಿಂದೆ ಹೇಳುವ ಸೊಲ್ಲಿಗೆ ನಾ ಮುಂದು ತಾ ಮುಂದು ಎಂದು ಎಲ್ಲರೂ ಮೈಕಿಗೆ ಮುಗಿಬಿದ್ದರು. ಜನ್ಮದಲ್ಲಿ ಸೋಬಾನೆಗೆ ಬಾಯಿ ತೆರೆಯದ ಗಂಡಸರೂ ಬಿಡಲಿಲ್ಲ. ಹಿಂದೆ ಹೇಳುವ ಬದಲು ಅಜ್ಜಿಯ ಸಾಲಿನ ಮೇಲೆಯೇ ಹತ್ತಿ ಕೂತರು.

"ನಂದ್ಯಾಕೋ ಕೆಳಗೈತೆ?" ಎಂದು ದೊಡ್ಡಮ್ಮ ಸುನಂದ ಮಗನ ತಲೆಗೆ ಮೊಟಕಿದಳು. "ಸುನಂದಮ್ಮಂಗೆ ಏನ್ ರೋಗ ಬಂದಿತ್ತು ಅಂತಾರೆ ಜನ."

ಅವಳದೂ ಏರಿತು. ಯಾರದನ್ನೂ ಇಳಿಸುವಂತಿರಲಿಲ್ಲ, ಇಳಿಸಿದರೆ ಹಾಕಿದ ಎಲೆ ಕಿತ್ತುಕೊಂಡ ಹಾಗೆ.

"ಜೋರಿರ್ಲಿ ಕಣೋ, ಬೀಗರು ಅವರೂರು ಟೇಕಲ್ಲಲ್ಲೇ ಕೂತು ಕೇಳ್ಬೇಕು," ಎಂದ ಕೋದಂಡರಾಮಪ್ಪ.

ಉಮಾಶಂಕರ ಹಾಡು ಹಾಕಿದ. ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಹರಾಜು ಕೂಗಿದಂತಾಯಿತು. ಎಲ್ಲರೂ ತಂತಮ್ಮ ದನಿಗೆ ತಾವೇ ತಲೆದೂಗಿದರು.

"ಅಜ್ಜೀದು ಕೇಳ್ತಾನೇ ಇಲ್ಲ," ಎಂದಳು ಶ್ಯಾಮಲಾ, ಮೆಲ್ಲಗೆ.

"ನಮ್ಮಮ್ಮಂದು ಊರಿಗೇ ಗೊತ್ತಿರೋದು. ಇಷ್ಟು ವರ್ಷ ಕೇಳವ್ರೆ, ಸಾಲ್ದಾ?" ಎಂದ ವೆಂಕಟರಾಯಪ್ಪ.

ಅಕ್ಕಯಮ್ಮ ಮೊಮ್ಮಗಳ ಸೆರಗು ಜಗ್ಗಿದಳು. "ಊರ್ಕೋ ಕಣೇ, ಸುಮ್ನಿರು. ಅವರ್ದೇ ಇರ್ಲಿ. ಮದ್ವೇಲಿ ಮುಖ ತಿರುಗಿಸ್ಕೊಂಡು ಕೂತ್ರೆ ಯಾರು ಸಮಾಧಾನ ಮಾಡೋರು?"

"ಫೈನಲ್ ಮಾಡ್ತೀನಿ," ಎಂದ ಉಮಾಶಂಕರ. "ಆಮೇಲೆ ಒಬ್ಬೊಬ್ರ ಬಿಡಿಬಿಡಿ ದನಿ ಎಲ್ಲಾ ಅಳಿಸ್ಬಿಡ್ತೀನಿ, ಮತ್ತೆ ಬದಲಾಯ್ಸೋಕಾಗಲ್ಲ. ಸಂಜೆಗೆ ಕಂಪ್ಯೂಟ್ರು ಮಾಲೂರಿಗೆ ವಾಪಸ್ ಹೋಗ್ಬೇಕು. ಹೆಂಗೈತೆ ಶ್ಯಾಮಲಾ?"

ಸ್ಕೂಲು ಬಿಟ್ಟು ಮನೆ ಸೇರಿದಾಗಿನಿಂದ ಯಾರು ಏನು ಕೇಳಿದರೂ ಚೆನ್ನಾಗಿದೆ ಎಂದೇ ಹೇಳಿಕೊಂಡು ಬಂದವಳು. ಎದ್ದು ಬಂದು ಅವನ ಕೈಯಿಂದ ಮೌಸ್ ತೆಗೆದುಕೊಂಡಳು. ಮೊದಲು ಮಾವನ ಗುಂಡಿಯನ್ನು ತಳಕ್ಕೆಳೆದಳು. ಆಮೇಲೆ ದೊಡ್ಡಪ್ಪನದು, ದೊಡ್ಡಮ್ಮನದು. ಯಾರೂ ಕೇಳದಿದ್ದರೂ ಉಮಾಶಂಕರ ಸೇರಿಸಿದ್ದ ಕೀಬೋರ್ಡ್ ಸಂಗೀತವೂ ಹೋಯಿತು. ಅಜ್ಜಿಯದನ್ನು ಮುಟ್ಟಲಿಲ್ಲ.

"ಏಯ್! ನಂದು ಸೊನ್ನೆ ಮಾಡ್ದಾ?" ವೆಂಕಟರಾಯಪ್ಪನ ಕುತ್ತಿಗೆಯ ನರ ಉಬ್ಬಿತು. "ಹಂಗಾದ್ರೆ ಹಸೆಮಣೆಗೆ ನಿನ್ನ ಕೈ ಹಿಡ್ಕೊಂಡು ಬರೋಕೆ ಬೇರೆ ಮಾವನ್ನ ಹುಡುಕ್ಕೋ!"

ಸುನಂದ ಬಾಯಿಗೆ ಕೈ ಅಡ್ಡ ಹಿಡಿದಳು. ಸೋದರಮಾವನಿಲ್ಲದೆ ಹಸೆಗೆ ಬಂದ ಹೆಣ್ಣನ್ನು ಆ ಊರು ಕಂಡಿರಲಿಲ್ಲ.

"ನಾನೇ ನಡ್ಕೊಂಡ್ ಬರ್ತೀನಿ ಬಿಡು ಮಾವ. ಅದೇನು ದೂರ ಇಲ್ಲ." ಶ್ಯಾಮಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಉಮಣ್ಣ, ಇದನ್ನೇ ಫೈನಲ್ ಮಾಡು."

ಉಮಾಶಂಕರ ಅಪ್ಪನ ಮುಖ ನೋಡಿದ. ಅಪ್ಪ ಸೂರು ನೋಡುತ್ತಿದ್ದ. ಹತ್ತಿರ ನಿಂತವರ ಮಾತು ಕೇಳುವ ಆಸಾಮಿ ಉಮಾಶಂಕರ; ಈಗ ಹತ್ತಿರ ನಿಂತಿದ್ದವಳು ಶ್ಯಾಮಲಾ. ಒತ್ತಿದ.

ವೆಂಕಟರಾಯಪ್ಪ ಕಂಬಳಿ ಸರಿಸಿ ಹೊರಟುಹೋದ. ಹಾಡು ಶುರುವಾಯಿತು. ಒಂದೇ ದನಿ, ಅಲ್ಲಲ್ಲಿ ಕೆಮ್ಮು. ಸಾಲು ಮುಗಿಯಿತು. ಸೊಲ್ಲಿಗೆಂದು ಬಿಟ್ಟಿದ್ದ ಜಾಗ ಖಾಲಿಯೇ ಉಳಿದು, ಅದರ ಕೊನೆಯಲ್ಲಿ ಮುಂದಿನ ಸಾಲಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಬಾಗಿಲ ಬಳಿ ಕೂತಿದ್ದ ಅಕ್ಕಯಮ್ಮನೂ ಅದೇ ಹೊತ್ತಿಗೆ ಉಸಿರೆಳೆದುಕೊಂಡಳು.