ಹಳದಿ ದಾರದ ಮೂರು ಗಂಟು

ಹನಮಪ್ಪ ತನ್ನ ಅಣ್ಣ ಪರಶಪ್ಪನ ಹೆಣದ ಸೊಂಟದಿಂದ ಒದ್ದೆ ಧೋತರ ಸರಿಸಿ, ಉಡದಾರದ ಕೆಳಗೆ ಕುಡಗೋಲಿನ ಮೊನೆ ತೂರಿಸಿದ್ದ. ಇನ್ನೊಂದು ಎಳೆತ ಸಾಕಿತ್ತು.

“ತಡೀ ಹನಮಪ್ಪ! ಹರೀಬ್ಯಾಡ!”

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಸ್ಸಿಳಿದು ಓಡುತ್ತಲೇ ಬಂದಿದ್ದ ಪ್ರಾಣೇಶ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ. ಗಜೇಂದ್ರಗಡದವನು, ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಹೆಸರಲ್ಲೇ ಪ್ರಾಣಿ ಇಟ್ಟುಕೊಂಡವನೆಂದು ಹುಡುಗರು ನಗುತ್ತಿದ್ದರು. ಈಗ ಅವನ ಕೋಟಿನ ಕಿಸೆ ಉಬ್ಬಿತ್ತು. ಅದನ್ನು ಅಂಗೈಯಿಂದ ಒತ್ತಿ ಹಿಡಿದಿದ್ದ.

“ಉಡದಾರ ಹರೀಲಾರದ ಹೆಣಾ ಎತ್ತಾಕ ಬರೂದಿಲ್ರಿ ಸಾಹೇಬ್ರ,” ಎಂದ ಹನಮಪ್ಪ. ಕುಡಗೋಲು ಹಿಂದೆ ಸರಿಯಲಿಲ್ಲ.

“ಹರೀರಿ, ಬ್ಯಾಡ ಅನ್ನೂದಿಲ್ಲ. ಅದಕ್ಕಿಂತ ಮೊದ್ಲ ನನಗೊಂದು ಮಾತು ತಿಳೀಬೇಕಾಗೇದ.”

ಅವನು ಕಿಸೆಯಿಂದ ಬೆರಳುದ್ದದ ಸೀಸೆ ತೆಗೆದ. ಒಳಗೆ ಸ್ಪಿರಿಟಿನಲ್ಲಿ ಒಂದು ಚೇಳು. ಸೀಸೆಯ ಕತ್ತಿಗೆ ಹಳದಿ ದಾರ, ದಾರದಲ್ಲಿ ಮೂರು ಗಂಟು. ಹೆಣದ ಉಡದಾರಕ್ಕೂ ಬಣ್ಣಬಣ್ಣದ ದಾರದ ತುಂಡುಗಳು ಜೋತುಬಿದ್ದಿದ್ದವು. ಅವುಗಳ ನಡುವೆ ಅದೇ ಹಳದಿ, ಅವೇ ಮೂರು ಗಂಟು.

“ಸತ್ತಾವ್ನ ನೋಡಾಕ ಬರಾವ್ರು ಹೂವಿನ ಮಾಲಿ ತರ್ತಾರ,” ನೆರೆಮನೆಯ ಶಂಕ್ರವ್ವ ಸೆರಗಿನೊಳಗೇ ಗೊಣಗಿದಳು. “ಇವರು ಚೇಳ ತಂದಾರ ನೋಡವ್ವಾ.”

*

ರಾಜೂರಿನ ಪರಶಪ್ಪ ಕಂಡವರ ಹೊಲದ ಕಲ್ಲು ಕಿತ್ತು ಕೂಲಿ ಮಾಡುತ್ತಿದ್ದ. ಕಲ್ಲೆತ್ತಿದರೆ ಕೆಳಗೆ ಏನಾದರೊಂದು ಇರುತ್ತಿತ್ತು: ನೂರು ಕಾಲಿನ ಝರಿ, ಚೇಳು, ಹೆಸರಿಲ್ಲದ ಇನ್ನೇನೋ ಹುಳ. ಆರು ವರ್ಷ ಅವನ್ನೆಲ್ಲ ಸೀಸೆಗೆ ಹಾಕಿ ಪ್ರಾಣೇಶನಿಗೆ ಕಳಿಸಿದ. ಬರೆಯಲು ಬರುತ್ತಿರಲಿಲ್ಲ. ಹೆಂಡತಿ ಕಳಕವ್ವ ಕೌದಿ ಹೊಲಿಯುವವಳು. ಅವಳ ದಾರದ ತುಂಡೊಂದನ್ನು ಎರಡು ಮಾಡಿ, ಎರಡಕ್ಕೂ ಒಂದೇ ಲೆಕ್ಕದ ಗಂಟು ಹಾಕಿ, ಒಂದನ್ನು ಸೀಸೆಗೆ, ಇನ್ನೊಂದನ್ನು ತನ್ನ ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಯಾವ ಹುಳ ಎಲ್ಲಿಯದೆಂದು ಕೇಳಿದರೆ ಬೆರಳು ಸೊಂಟಕ್ಕೆ ಹೋಗುತ್ತಿತ್ತು.

“ಇದರಿ? ಲಕ್ಕಲಕಟ್ಟಿ ದಾರ್ಯಾಗ, ಸೀಳಿದ ಬಂಡಿಗಲ್ಲಿನ ಬುಡಕ. ಮಳಿಯಾದ ಮರುದಿನಾ.”

ಒಂದು ಸಲವೂ ತಪ್ಪಿರಲಿಲ್ಲ.

ಈ ಮುಂಗಾರಿನಲ್ಲಿ ಹಳದಿ ದಾರದ ಸೀಸೆಯನ್ನು ಬಸ್ಸಿನ ಕಂಡಕ್ಟರ್ ಬಾಷಾಸಾಬನ ಕೈಯಲ್ಲಿ ಕಳಿಸಿದ್ದ. “ಪರಶಪ್ಪಗ ಜ್ವರ ಬಂದಾವ್ರಿ. ಜಾಗಾ ಆಮ್ಯಾಲ ಖುದ್ದ ಬಂದ ಹೇಳ್ತಾನಂತ,” ಎಂದಿದ್ದ ಬಾಷಾಸಾಬ. ಸೀಸೆಯೊಳಗಿದ್ದ ಚೇಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಪ್ರಾಣೇಶ ತಡೆಯಲಾರದೆ ಲೇಖನ ಬರೆದು ಕಲಕತ್ತೆಯ ಪತ್ರಿಕೆಗೆ ಕಳಿಸಿಯೇಬಿಟ್ಟ. ಸಂಪಾದಕರ ಉತ್ತರ ಬಂತು: ಸಿಕ್ಕ ಜಾಗ ಖಚಿತವಾಗಿ ತಿಳಿಸದೆ ಅಚ್ಚು ಹಾಕಲಾಗದು, ಇಂಥದೇ ಚೇಳಿನ ಬಗ್ಗೆ ಪುಣೆಯವರೊಬ್ಬರೂ ಬರೆದಿದ್ದಾರೆ, ಹದಿನೈದು ದಿನ ಕಾಯುತ್ತೇವೆ.

ಅದರಲ್ಲಿ ಇನ್ನು ನಾಲ್ಕು ದಿನ ಉಳಿದಿರುವಾಗ ಬಾಷಾಸಾಬನೇ ಸಾವಿನ ಸುದ್ದಿ ತಂದ.

*

“ನನಗ ಇದರ ಗಂಧಾನೂ ಇಲ್ರಿ,” ಎಂದ ಹನಮಪ್ಪ. “ಬಣ್ಣಾ, ಗಂಟು ಎಲ್ಲಾ ಗೊತ್ತಿರೂದು ಅತ್ತಿಗಿಗೆ.”

ಎಲ್ಲರೂ ಹೆಣದ ತಲೆಯ ಬಳಿ ಕೂತಿದ್ದ ಕಳಕವ್ವನ ಕಡೆ ನೋಡಿದರು.

“ಲಗೂ ಆಗ್ಲಿ. ಹೊತ್ತ ಏರಾಕತ್ತೈತಿ,” ಎಂದ ಹಿರಿಯ ಹೂವಪ್ಪ.

ಕಳಕವ್ವ ಗಂಡನ ರುಮಾಲಿನ ಮಡಿಕೆಯಿಂದ ಒಂದು ಅಚ್ಚಿನ ಹಾಳೆ ತೆಗೆದಳು. “ಇದನ್ನ ಅವರ ಕೈಯಾಗ ಇಟ್ಟ ಕಳಸಾಕಿ ಅದೀನ್ರಿ. ಕಳಸೂ ಮುಂದ ಒಮ್ಮಿ ಎಲ್ಲಾರಿಗೂ ಓದಿ ತೋರಸ್ರಿ. ಇದರಾಗ ಅವರ ಹೆಸರ ಎಲ್ಲೈತಿ? ನೀವ್ ಹಾಳಿ ಓದ್ರಿ, ನಾ ದಾರಾ ಓದತೀನಿ.”

*

ಎರಡು ವರ್ಷದ ಹಿಂದೆ ಪರಶಪ್ಪ ಕಳಿಸಿದ ಹುಳದ ಬಗ್ಗೆ ಮೊದಲ ಲೇಖನ ಅಚ್ಚಾದಾಗ ಪ್ರಾಣೇಶ ಹಾಳೆಯನ್ನು ಅವನಿಗೆ ತಂದುಕೊಟ್ಟಿದ್ದ. ಪರಶಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದ.

“ಇದರಾಗ ನನ್ನ ಹೆಸರ ಎಲ್ಲೈತ್ರಿ?”

ಹಾಳೆಯ ಬುಡದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಸಂಗ್ರಹಿಸಿದವರು ಲೇಖಕರೇ ಎಂದಿತ್ತು. ಪ್ರಾಣೇಶ ಕನ್ನಡಕ ಒರೆಸಿದ. ಮೂಗಿನಿಂದ ಉದ್ದಕ್ಕೆ ಉಸಿರೆಳೆದ. ಕತ್ತು ಬಗ್ಗಿಸಿ, ಎಲ್ಲಕ್ಕಿಂತ ಉದ್ದನೆಯ ಲ್ಯಾಟಿನ್ ಹೆಸರಿನ ಮೇಲೆ ಬೆರಳಿಟ್ಟ.

“ಇದ ನೋಡು. ಇದ ನಿನ್ನ ಹೆಸರು.”

“ಭಾಳ ಉದ್ದ ಆತಲ್ರಿ?”

“ಇಂಗ್ಲೀಷಿನ್ಯಾಗ ಹಂಗ ಆಗ್ತದ.”

*

ಹಲಗೆ ಬಾರಿಸುವವನೂ ಕೋಲು ಕೆಳಗಿಟ್ಟು ಕಿವಿಗೊಟ್ಟ. ಪ್ರಾಣೇಶ ಹಾಳೆ ಬಿಡಿಸಿದ. ಬೆರಳು ಒತ್ತಿ ಒತ್ತಿ ಒಂದು ಕಡೆ ಕಾಗದ ಸವೆದು, ಆಚೆಯ ಬೆಳಕು ಕಾಣುವಂತಾಗಿತ್ತು. ನಿಜ ಹೇಳಿದರೆ ಈ ಹೆಂಗಸು ದಾರ ಓದುವುದುಂಟೆ? ತಮ್ಮನ ಕೈಯಲ್ಲಿ ಕುಡಗೋಲು ಬೇರೆ ಇತ್ತು.

ಅವನು ಕನ್ನಡಕ ಒರೆಸಿದ. ಮೂಗಿನಿಂದ ಉದ್ದಕ್ಕೆ ಉಸಿರೆಳೆದ. ಕತ್ತು ಬಗ್ಗಿಸಿ ಬೆರಳಿಟ್ಟ.

“ಇದ ನೋಡ್ರಿ. ಇದ ಅವನ ಹೆಸರು.”

ಮೊದಲು ಕೇಳಿಸಿದ್ದು ಒಂದೇ ಒಂದು ಕಿಸಕ್ ನಗು. ಶಂಕ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಲಗೆಯವನ ಭುಜ ಕುಣಿಯತೊಡಗಿತು. ಹೂವಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಹನಮಪ್ಪನ ಕುಡಗೋಲು ನಡುಗುತ್ತಿತ್ತು. ಅವನು ನಗುತ್ತಲೂ ಇದ್ದ, ಕಣ್ಣೀರು ಗಡ್ಡಕ್ಕೆ ಇಳಿಯುತ್ತಲೂ ಇತ್ತು.

“ಅಣ್ಣಾ… ನನ್ನಪ್ಪಾ… ಥೇಟ್ ಹಿಂಗ!”

“ಏನಾತು?” ಎಂದ ಪ್ರಾಣೇಶ. “ಯಾಕ ನಗ್ತೀರಿ?”

ಊರಿನ ಸಾಲಿ ಮಾಸ್ತರ ರಮಜಾನಸಾಬ ತಲೆ ತಗ್ಗಿಸಿ ಹೇಳಿದ: “ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ಕನ್ನಡಕ ಒರಸೂದು, ಮೂಗಿಲೆ ಉಸಲ ಎಳಿಯೂದು, ಬೆರಳ ಇಡೂದು. ಎರಡ ವರ್ಷ ಪರಶಪ್ಪ ಸಂಜಿಕೊಮ್ಮಿ ಕಟ್ಟಿಮ್ಯಾಲ ಇದನ್ನ ಮಾಡಿ ಊರ ಮಂದೀನ ನಗಸ್ಯಾನ. ಒಂದ ಕೂದಲಾ ಫರಕಿಲ್ಲ.”

“ಅಂದ್ರ… ಅವಗ ಗೊತ್ತಿತ್ತು?”

“ಅದ ವಾರ ನನ್ನ ಕಡೆ ಓದಿಸಿದ್ದ. ನೀವು ಬೆರಳ ಇಟ್ಟದ್ದು ಝರಿ ಹೆಸರಿನ ಮ್ಯಾಲ.”

ನಗೆ ತಾನಾಗಿಯೇ ಬತ್ತಿತು. ಕಳಕವ್ವ ಮಾತ್ರ ಮೊದಲಿನಿಂದಲೂ ನಕ್ಕಿರಲಿಲ್ಲ.

“ಮಂದಿ ಮುಂದ ನಗಸಾವ್ರ,” ಎಂದಳು. “ಮನ್ಯಾಗ ಉಣ್ಣಾಕ ಕುಂತಾಗ ನನ್ನ ಕೇಳಾವ್ರು. ಪರಶಪ್ಪ ಅನ್ನೂದು ಬರ್ಯಾಕ ಅಷ್ಟ ತ್ರಾಸ ಐತೇನ, ಕಳಕೀ, ಅಂತ.”

ಪ್ರಾಣೇಶ ಕಿಸೆಯಿಂದ ಗಡಬಡಿಸಿ ನೋಟ್‌ಬುಕ್ಕು, ಪೆನ್ಸಿಲ್ ತೆಗೆದ. ನಿಂತಲ್ಲೇ ಬರೆದ, ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ ಬರೆದ. ಹಾಳೆಯನ್ನು ಅವಳ ಮುಖದ ಮುಂದೆ ಹಿಡಿದ.

“ಈ ಸಲ ಬರದೀನಿ ನೋಡು, ಕಳಕವ್ವ. ಪರಶಪ್ಪ, ರಾಜೂರ. ಮೊದಲನೇ ಸಾಲಿನ್ಯಾಗ ಇದ ಅಚ್ಚಾಗ್ತದ. ಜಾಗಾ ಒಂದು ಹೇಳು.”

ಅವಳು ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

“ಇದ ಅವರ ಹೆಸರೇನ್ರಿ?”

“ಖರೇನ.”

“ಹೋದ ಸಲಾನೂ ಖರೇನ ಇತ್ತು.”

ರಮಜಾನಸಾಬ ಓದಲೆಂದು ಕತ್ತು ಚಾಚಿದ. ಕಳಕವ್ವ ಕೈ ಅಡ್ಡ ಹಿಡಿದಳು. “ನೀವ್ ಸುಮ್ಕಿರ್ರಿ ಮಾಸ್ತರ್ರ. ಇದು ಸಾಹೇಬ್ರದೂ ನಂದೂ ಲೆಕ್ಕ.”

ಮೈದುನನ ಕೈಯಿಂದ ಕುಡಗೋಲು ಇಸಿದುಕೊಂಡು ಉಡದಾರಕ್ಕೆ ಹಚ್ಚಿದಳು. ಒಂದೇ ಎಳೆತಕ್ಕೆ ಹರಿಯಿತು. ಪ್ರಾಣೇಶನ ಎದುರು ಬಂದು ಅದನ್ನು ಹಾಳೆಯಂತೆ ಎರಡು ಕೈಯಲ್ಲಿ ಬಿಡಿಸಿ ಹಿಡಿದಳು. ಮೂಗಿನಿಂದ ಉದ್ದಕ್ಕೆ ಉಸಿರೆಳೆದಳು. ಕತ್ತು ಬಗ್ಗಿಸಿ, ಹಳದಿ ದಾರದ ಮೇಲೆ ಬೆರಳಿಟ್ಟಳು.

“ಇದ ನೋಡ್ರಿ. ಇದ ನಿಮ್ಮ ಜಾಗಾ.”

ಯಾರೂ ನಗಲಿಲ್ಲ.

“ಹೆಣದ ಉಡದಾರ ಹೊರಗಿನವರ ಕೈಗೆ ಕೊಡಬಾರದವ್ವಾ, ಕುಣ್ಯಾಗ ಹಾಕಬೇಕು,” ಎಂದ ಹೂವಪ್ಪ.

“ಓದಿದಾವ್ರು ಅದಾರ, ಯಜ್ಜಾ. ಓದಿಕೊಳ್ಳಲಿ.” ಉಡದಾರವನ್ನು ಪ್ರಾಣೇಶನ ಅಂಗೈಯಲ್ಲಿಟ್ಟು ಒಳಗೆ ನಡೆದಳು.

ಹಲಗೆ ಶುರುವಾಯಿತು. ಹೆಣ ಎದ್ದಿತು. ಮಂದಿಯೆಲ್ಲ ಅದರ ಹಿಂದೆ ಓಣಿ ದಾಟಿ ಹೋದರು, ಸದ್ದೂ ದೂರವಾಯಿತು. ಹೆಣ ಮೀಸಿದ ಕಲ್ಲಿನ ಪಕ್ಕ ನೀರು ಇನ್ನೂ ಹರಿಯುತ್ತಿತ್ತು. ಪ್ರಾಣೇಶ ಅಲ್ಲೇ ಕುಕ್ಕರಿಸಿದ. ಸೀಸೆಯನ್ನು ನೆಲಕ್ಕಿಟ್ಟು, ಒದ್ದೆ ದಾರವನ್ನು ಮೊಣಕಾಲ ಮೇಲೆ ಚಾಚಿ, ಮೊದಲ ಗಂಟಿನ ಮೇಲೆ ಬೆರಳಿಟ್ಟ. ಆಮೇಲೆ ಎರಡನೆಯದರ ಮೇಲೆ. ಮೂರನೆಯದರ ಮೇಲೆ. ತುಟಿ ಅಲುಗಾಡಿತು. ಮತ್ತೆ ಮೊದಲನೆಯದಕ್ಕೆ ಬಂದ.